ಹದಿಮೂರನೆಯ ತಲೆ

ಆ ಚಿತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಲು ಆರ್ಡಿಸ್ ಹಾಲ್ವರ್ಸನ್‌ಗೆ ಮನಸ್ಸಿರಲಿಲ್ಲ, ಎಸೆಯಲು ಕೈ ಬರಲಿಲ್ಲ. ಅಕ್ಟೋಬರಿನಿಂದ ಅದು ಅಡುಗೆಮನೆಯ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡುಗಳ ಕೆಳಗೆ, ಮುಖ ಮುಚ್ಚಿಕೊಂಡು ಬಿದ್ದಿತ್ತು. ಊರಿನ ವಾರಪತ್ರಿಕೆಯ ಮೊದಲ ಪುಟ. ಸೆನೆಟರ್ ಹೆಸ್ಟನ್ ನಗುತ್ತಿದ್ದಾರೆ. ಅವರ ಕೈಯಲ್ಲಿ ಅರ್ಧ ಕಚ್ಚಿದ ದಾಲ್ಚಿನ್ನಿ ರೋಲ್. ಅವರ ಭುಜಕ್ಕೆ ಭುಜ ತಾಗಿಸಿ, ಸಾಸಿವೆ ಬಣ್ಣದ ಕೋಟು ತೊಟ್ಟ ಮೆರೆಡಿತ್ ಪೇನ್ ನಗುತ್ತಿದ್ದಾಳೆ. ಕೆಳಗೆ ಬರೆದಿತ್ತು: ‘ಶ್ರೀಮತಿ ಪೇನ್ ಅವರ ಕೈರುಚಿಗೆ ಮನಸೋತ ಸೆನೆಟರ್.’

ಆ ರೋಲ್ ಮಾಡಿದವಳು ಆರ್ಡಿಸ್.

ಅಮೆರಿಕದ ಅಯೋವಾ ರಾಜ್ಯದ ಹಾರ್ಲೆಟ್ ಊರಿನಲ್ಲಿ ಇದನ್ನು ಯಾರಿಗೂ ಹೇಳಬೇಕಾಗಿರಲಿಲ್ಲ. ಶಾಲೆಯ ಊಟದ ಮನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಆರ್ಡಿಸ್ ದೊಡ್ಡ ಅಡುಗೆಯವಳು. ಹದಿನೈದು ದಿನಕ್ಕೊಂದು ಗುರುವಾರ ಕೆಂಪು ಕಾಳು, ಮಾಂಸ ಹಾಕಿದ ಚಿಲಿ ಎಂಬ ಗಟ್ಟಿ ಸಾರು, ಅದರ ಪಕ್ಕ ಸುರುಳಿ ಸುತ್ತಿದ ಸಿಹಿ ಬನ್ನು, ಅಂಗೈ ಅಗಲದ ದಾಲ್ಚಿನ್ನಿ ರೋಲ್. ಈ ಎರಡನ್ನು ಜೊತೆಗೆ ತಿನ್ನುವುದು ವಿಚಿತ್ರ ಎಂದು ಹೊರಗಿನಿಂದ ಬಂದವರು ಹೇಳಿದಾಗಲೇ ಅಯೋವಾದ ಮಕ್ಕಳಿಗೆ ಗೊತ್ತಾಗುವುದು. ಊರಿನ ಅರ್ಧ ಜನ ಆ ರೋಲ್ ತಿಂದೇ ಬೆಳೆದವರು. ಅಂಚು ದಪ್ಪ, ನಡು ಮೆತ್ತಗೆ, ಸಕ್ಕರೆ ಪಾಕ ಅರ್ಧಕ್ಕೆ ಮಾತ್ರ. ಚಿತ್ರ ನೋಡಿದ ಕೂಡಲೇ ಗುರುತು ಹಿಡಿಯುತ್ತಾರೆ. ಆದರೆ ಊರು ಗುರುತು ಹಿಡಿದರೇನು ಬಂತು? ಸೆನೆಟರ್ ಹಿಡಿಯಲಿಲ್ಲವಲ್ಲ.

ಹಿಂದಿನ ಮಾರ್ಚಿನಲ್ಲಿ, ಹೆಸ್ಟನ್ ದೇಶದ ಅಧ್ಯಕ್ಷೆಯಾಗಲು ನಿಲ್ಲುತ್ತಾರೆಂದು ರಾಷ್ಟ್ರಕ್ಕೆ ಸರಿಯಾಗಿ ಗೊತ್ತಾಗುವ ಮೊದಲೇ, ಆರ್ಡಿಸ್ ಅವರ ಪರವಾಗಿ ಬಾಗಿಲು ಬಡಿಯಲು ಶುರು ಮಾಡಿದ್ದಳು. ಅಪ್ಪ, ಅಜ್ಜ ಎಲ್ಲರೂ ಡೆಮಾಕ್ರಟಿಕ್ ಪಕ್ಷದವರು; ಪಕ್ಷ ಅವಳಿಗೆ ಹುಟ್ಟಿನಿಂದ ಬಂದದ್ದು, ಹೆಸ್ಟನ್ ಮಾತ್ರ ತಾನೇ ಆರಿಸಿಕೊಂಡದ್ದು. ಅವಳು ಮಾತಿನಲ್ಲಿ ಹಿಂದೆ, ನಾಚಿಕೆಯ ಸ್ವಭಾವ. ಆದರೆ ಮನೆಯ ಬಾಗಿಲಲ್ಲಿ ಒಬ್ಬರೇ ಎದುರಿಗಿದ್ದರೆ ಹೇಗೋ ಮಾತು ಹುಟ್ಟುತ್ತಿತ್ತು. ಯಾವ ಮನೆಯಲ್ಲಿ ಯಾರು ಎತ್ತ ವಾಲುತ್ತಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು, ಆ ಮನೆಯ ನಾಯಿಯ ಹೆಸರಿನ ಸಮೇತ. ನಾಯಿಯನ್ನು ಹೆಸರಿಟ್ಟು ಕರೆದರೆ ಬಾಗಿಲು ಎರಡು ಬೆರಳು ಹೆಚ್ಚು ತೆರೆಯುತ್ತದೆ. ಇದು ಅವಳು ಯಾವ ತರಬೇತಿಯಲ್ಲೂ ಕಲಿತದ್ದಲ್ಲ.

ಮೆರೆಡಿತ್ ಪ್ರಚಾರಕ್ಕೆ ಬಂದು ಸೇರಿದ್ದು ಆಗಸ್ಟಿನಲ್ಲಿ. ಷಿಕಾಗೋ ಕಡೆಯವಳು, ಎರಡು ವರ್ಷದ ಹಿಂದೆ ಗಂಡನ ಕೆಲಸಕ್ಕೆಂದು ಊರಿಗೆ ಬಂದು, ಹಳೆಯ ಬ್ಯಾಂಕರನ ದೊಡ್ಡ ಮನೆಯನ್ನು ಕೊಂಡಿದ್ದಳು. ಮೂವತ್ತೆಂಟು ವಯಸ್ಸು. ಸುಂದರಿ ಎನ್ನುವಂತಿಲ್ಲ, ಆದರೆ ಅವಳು ಒಳಗೆ ಬಂದರೆ ಜನ ಕುರ್ಚಿ ಸರಿಸಿಕೊಂಡು ಅವಳತ್ತ ತಿರುಗುತ್ತಿದ್ದರು, ಚಳಿಗಾಲದಲ್ಲಿ ಒಲೆಯತ್ತ ತಿರುಗಿದ ಹಾಗೆ. ಮತ್ತೆ ಒಳ್ಳೆಯವಳು. ಆರ್ಡಿಸ್‌ಗೆ ಎಲ್ಲಕ್ಕಿಂತ ಕಷ್ಟವಾದದ್ದು ಅದೇ. ಕೆಟ್ಟವಳಾಗಿದ್ದರೆ ದ್ವೇಷಿಸಿ ನಿದ್ದೆ ಮಾಡಬಹುದಿತ್ತು.

“ಆರ್ಡಿಸ್, ಸೆನೆಟರ್ ನಮ್ಮನೆಗೆ ಬರ್ತಾರಂತೆ! ನಮ್ಮ ಜಗಲಿ ದೊಡ್ಡದು ನೋಡಿ, ಅದಕ್ಕೇ ಅಂತೆ,” ಎಂದು ಫೋನಿನಲ್ಲಿ ಕಿರುಚಿದ್ದಳು ಮೆರೆಡಿತ್. “ನಿಮ್ಮ ಕೈಯಿಂದ ಆ ರೋಲ್ ಮಾಡಿಕೊಡ್ತೀರಾ? ನಂಗೆ ಮೊಟ್ಟೆ ಬೇಯಿಸಿದ್ರೂ ಸೀದು ಹೋಗತ್ತೆ.”

ಆರ್ಡಿಸ್ ಆರು ತಟ್ಟೆ ರೋಲ್ ಮಾಡಿದಳು. ಸೆನೆಟರ್ ಮುಕ್ಕಾಲು ಗಂಟೆ ತಡವಾಗಿ ಬಂದರು. ರೋಲ್ ಆರಿಹೋಗಿದ್ದವು. “ಇನ್ನೊಂದ್ಸಲ ಬಿಸಿ ಮಾಡಿ ಪಾಕ ಹಾಕೋಣ್ವಾ?” ಎಂದಳು ಮೆರೆಡಿತ್. ಆರ್ಡಿಸ್ ಆ ಪರಕೀಯ ಅಡುಗೆಮನೆಯಲ್ಲಿ, ಎಲ್ಲಿ ಒತ್ತಿದರೆ ಉರಿಯುತ್ತದೆಂದು ತಿಳಿಯದ ಒಲೆಯ ಮುಂದೆ ನಿಂತು, ಗೋಡೆಯಾಚೆಯ ಚಪ್ಪಾಳೆ ಕೇಳುತ್ತಾ ಪಾಕ ಸುರಿದಳು. ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಸೆನೆಟರ್ ಬಂದಿದ್ದ ಪ್ರಚಾರದ ಬಸ್ಸಿನ ಬಾಗಿಲು ಮುಚ್ಚುತ್ತಿತ್ತು. ಹಿಂದಿನ ಕಿಟಕಿಯಲ್ಲಿ ಸೆನೆಟರ್ ಕೈ ಬೀಸಿದ ಹಾಗೆ ಕಂಡಿತು. ಯಾರಿಗೆ ಬೀಸಿದರೋ.

ಅದಾಗಿ ಮೂರು ವಾರಕ್ಕೆ ಟೀವಿಯ ಚರ್ಚೆಯಲ್ಲಿ, ಇಡೀ ದೇಶ ನೋಡುತ್ತಿದ್ದಾಗ, ಸೆನೆಟರ್ ಹೆಸ್ಟನ್ ಹೇಳಿದರು: ಹಾರ್ಲೆಟ್ ಎಂಬ ಪುಟ್ಟ ಊರಿನಲ್ಲಿ ನನ್ನ ಗೆಳತಿ ಮೆರೆಡಿತ್ ಇದ್ದಾಳೆ, ಅವಳು ಮಾಡುವ ದಾಲ್ಚಿನ್ನಿ ರೋಲ್...

ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದ ಗಂಡ ಲೈಲ್, ಸಿಂಕಿನ ಮುಂದೆ ಕಾಫಿ ಕಪ್ಪು ತೊಳೆಯುತ್ತಿದ್ದ ಹೆಂಡತಿಯ ಮುಖ ನೋಡಿದ. ಅವನಿಗೆ ಯಾವ ಪಕ್ಷವೂ ಬೇಡ, ಬಾಸ್ಕೆಟ್‌ಬಾಲ್ ಇದ್ದರೆ ಸಾಕು.

“ಅಲ್ವೇ, ಆ ಸೆನೆಟರಮ್ಮನಿಗೋಸ್ಕರ ಮಂಡಿ ಸವೆಸ್ಕೊಂಡೆ. ನಿನ್ನ ಹೆಸರಾದ್ರೂ ಗೊತ್ತಾ ಅವಳಿಗೆ?”

“ನಾನು ಹೆಸರಿಗೋಸ್ಕರ ಮಾಡ್ತಿಲ್ಲ, ಲೈಲ್.”

“ಹೌದೌದು. ಅದಕ್ಕೇ ಆ ಕಪ್ಪು ಹಾಗೆ ತೊಳೀತಿದ್ದೀಯ. ಅದರ ಹೂವೇ ಅಳಿಸಿಹೋಯ್ತು.”

ಮರುದಿನ ಮೆರೆಡಿತ್ ಓಡೋಡಿ ಬಂದಳು. “ಅಯ್ಯೋ ಆರ್ಡಿಸ್, ಅವ್ರು ತಪ್ಪು ಹೇಳ್ಬಿಟ್ರು! ನಾನು ಬರೆದು ತಿಳಿಸ್ತೀನಿ, ನೋಡ್ತಾ ಇರಿ.” ಅವಳ ಕಣ್ಣಲ್ಲಿ ನಿಜವಾದ ನಾಚಿಕೆಯಿತ್ತು. ಆರ್ಡಿಸ್, “ಅದಕ್ಕೇನಂತೆ ಬಿಡು,” ಎಂದಳು. ಮೆರೆಡಿತ್ ಬಿಟ್ಟೇ ಬಿಟ್ಟಳು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎನ್ನುತ್ತಾರೆ. ಆದರೆ ಗೆದ್ದಲಿನ ಹೊಟ್ಟೆಯಲ್ಲಿ ಏನಾಗುತ್ತದೆ ಎಂದು ಯಾರೂ ಕೇಳುವುದಿಲ್ಲ. ಡಿಸೆಂಬರಿನಲ್ಲಿ ಪ್ರಚಾರ ಕಚೇರಿಯಿಂದ ಫೋನು ಬಂತು. ಈ ವಾರ್ಡಿಗೆ ಇನ್ನು ಮುಂದೆ ಇಬ್ಬರು ನಾಯಕಿಯರು, ಆರ್ಡಿಸ್ ಮತ್ತು ಮೆರೆಡಿತ್. ಪಟ್ಟಿ ಬಂದಾಗ ಮೆರೆಡಿತ್ ಹೆಸರು ಮೇಲಿತ್ತು. ಇಂಗ್ಲಿಷ್ ಅಕ್ಷರಕ್ರಮ ಎಂದುಕೊಳ್ಳೋಣವೆಂದರೆ ‘ಹಾಲ್ವರ್ಸನ್’ ‘ಪೇನ್’ಗಿಂತ ಮೊದಲು ಬರಬೇಕು. ಆರ್ಡಿಸ್ ಅದನ್ನು ಮೂರು ಸಲ ನೋಡಿದಳು.

ಕಾಕಸ್ ಎಂದರೆ, ಪಕ್ಷದವರು ಒಂದೆಡೆ ಸೇರಿ ತಮ್ಮ ತಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಂತು ತಲೆ ಎಣಿಸಿಕೊಳ್ಳುವ ಸಭೆ; ಆ ದಿನ ಬೆಳಗಿನಿಂದ ಸಣ್ಣಗೆ ಹಿಮ ಬೀಳುತ್ತಿತ್ತು. ಸಂಜೆ ಏಳಕ್ಕೆ ಶಾಲೆಯ ಊಟದ ಮನೆಯಲ್ಲಿ ಸಭೆ. ಅದು ಆರ್ಡಿಸ್‌ಳ ಸ್ವಂತ ನೆಲ; ಯಾವ ಬೆಂಚಿನ ಕಾಲು ಅಲ್ಲಾಡುತ್ತದೆ, ಯಾವ ದೀಪ ಮಿಣುಕುತ್ತದೆ ಎಲ್ಲ ಗೊತ್ತು. ಹಾಲಿಡುವ ತಂಪು ಪೆಟ್ಟಿಗೆಯ ಪಕ್ಕದ ಮೂಲೆಯನ್ನು ಹೆಸ್ಟನ್ ಪಾಳಯಕ್ಕೆಂದು ಮೊದಲೇ ಹಿಡಿದಿದ್ದಳು. ಗೋಡೆಗೆ ಭಿತ್ತಿಚಿತ್ರ ಅಂಟಿಸಿದಳು. ಮೇಜಿನ ಮೇಲೆ ಎರಡು ತಟ್ಟೆ ರೋಲ್ ಇಟ್ಟಳು. ಏಪ್ರನ್ನಿನ ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆಯಿತ್ತು. ಪ್ರತಿ ಪಾಳಯದಿಂದ ಒಬ್ಬರು ಒಂದು ನಿಮಿಷ ಮಾತಾಡಬೇಕು. ಆ ಒಂದು ನಿಮಿಷಕ್ಕಾಗಿ ಅವಳು ಮೂರು ವಾರ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತಿದ್ದಳು. ಲೈಲ್ ಹೊರಗಿನಿಂದ, “ಗೆದ್ದಾಯ್ತಾ? ನಂಗೆ ಅವಸರ ಇದೆ,” ಎಂದು ಬಾಗಿಲು ತಟ್ಟುವವರೆಗೆ.

ಜನ ಬೂಟಿನ ಹಿಮ ಕೊಡವುತ್ತಾ ಬಂದರು. ಬಾಗಿಲಲ್ಲಿ ಸಹಿ ಮಾಡಿದರು. ಗವರ್ನರ್ ಲಾಟಿಮರ್ ಪಾಳಯ ಗಡಿಯಾರದ ಕೆಳಗೆ. ಅದರ ನಾಯಕಿ ವರ್ನೆಲ್, ಆರ್ಡಿಸ್‌ಳ ಮೂವತ್ತು ವರ್ಷದ ಗೆಳತಿ. ಇಬ್ಬರೂ ಬೇರೆ ಬೇರೆ ಅಭ್ಯರ್ಥಿಗಳ ಪರ ನಿಂತದ್ದರಿಂದ ಒಂದು ವರ್ಷದಿಂದ ಒಂದೇ ಕಾರಿನಲ್ಲಿ ಚರ್ಚಿಗೆ ಹೋಗುವಾಗಲೂ ಹವಾಮಾನದ ಮಾತನ್ನಷ್ಟೇ ಆಡುತ್ತಿದ್ದರು. ಇನ್ನೊಂದು ಮೂಲೆಯಲ್ಲಿ ಯಾವುದೋ ನಗರದ ಮೇಯರ್ ಒಬ್ಬನ ಪಾಳಯ.

ಸಭಾಧ್ಯಕ್ಷ ಡ್ವೇನ್. ನಿವೃತ್ತ ಶಾಲಾ ಬಸ್ಸಿನ ಚಾಲಕ. ಮಕ್ಕಳನ್ನು ಗದರಿಸಿ ಗದರಿಸಿ ಅವನ ದನಿಗೆ ಮೈಕು ಬೇಕಿರಲಿಲ್ಲ.

“ಕೇಳ್ಸ್ಕೊಳ್ಳಿ! ಎಂಬತ್ತಾರು ಜನ ಸಹಿ ಮಾಡಿದ್ದೀರಿ. ನೂರಕ್ಕೆ ಹದಿನೈದರ ಲೆಕ್ಕದಲ್ಲಿ ಒಂದು ಮೂಲೆ ಉಳೀಬೇಕಾದ್ರೆ ಹದಿಮೂರು ತಲೆ ಬೇಕು. ಹನ್ನೆರಡೂಮುಕ್ಕಾಲು ಅಂತ ಯಾರೂ ಚೌಕಾಸಿ ಮಾಡೋ ಹಾಗಿಲ್ಲ. ಹದಿಮೂರಿಲ್ಲದ ಮೂಲೆ ಒಡೆದು ಬೇರೆ ಮೂಲೆಗೆ ಹೋಗ್ಬೇಕು.”

ಆರ್ಡಿಸ್ ತನ್ನ ಮೂಲೆಯನ್ನು ಕಣ್ಣಲ್ಲೇ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ತಾನೂ ಸೇರಿ ಹದಿಮೂರು. ಸರಿಯಾಗಿ ಹದಿಮೂರು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹದಿಮೂರರಲ್ಲಿ ಹನ್ನೊಂದು ಜನ ಅವಳ ಪುಸ್ತಕದ ಮನೆಗಳವರು. ಟಾಡ್ ಮತ್ತು ಕೆಲ್ಸಿ ದಂಪತಿ, ನಾಯಿ ಬಿಸ್ಕತ್ತು. ಮುದುಕ ಓರಿನ್, ನಾಯಿ ಜನರಲ್. ನವೆಂಬರಿನಲ್ಲಿ ಇವರನ್ನೆಲ್ಲ ತನ್ನ ಮನೆಯ ಹಾಲ್‌ನಲ್ಲಿ ಕೂಡಿಸಿ ಪಾಠ ಹೇಳಿದವಳೂ ಅವಳೇ: ಎಣಿಕೆ ಶುರುವಾದ ಮೇಲೆ ಯಾರೂ ಹೊರಗೆ ಹೋಗಬಾರದು, ಉಚ್ಚೆ ಬಂದರೂ ಹೋಗಬಾರದು. ಕೈ ಎತ್ತಿ, ಸಂಖ್ಯೆ ಹೇಳಿ, ಕೈ ಇಳಿಸಬೇಕು. ಹೇಳದ ತಲೆ ಇಲ್ಲದ ತಲೆ.

“ಹೆಸ್ಟನ್ ಕಡೆಯಿಂದ ಯಾರಪ್ಪಾ ಮಾತಾಡೋರು?” ಎಂದ ಡ್ವೇನ್.

ಆರ್ಡಿಸ್ ಜೇಬಿಗೆ ಕೈ ಹಾಕಿದಳು. ಹಾಳೆ ಬೆವರಿಗೆ ಮೆತ್ತಗಾಗಿತ್ತು. ಅದನ್ನು ತೆಗೆಯುವ ಮೊದಲೇ ಓರಿನ್, “ಮೆರೆಡಿತ್ ಮಾತಾಡ್ಲಿ ಬಿಡ್ರೋ! ಅವಳಿಗೆ ಸೆನೆಟರ್ ಪರಿಚಯ ಇದೆ,” ಎಂದ. “ಹೌದ್ಹೌದು,” ಎಂದಳು ಕೆಲ್ಸಿ. ಇನ್ನೂ ಎರಡು ದನಿ ಸೇರಿತು. ಓರಿನ್‌ನ ಮನೆಗೆ ಆರ್ಡಿಸ್ ಒಂಬತ್ತು ಸಲ ಹೋಗಿದ್ದಳು. ಜನರಲ್ ಒಮ್ಮೆ ಅವಳ ಸಾಕ್ಸ್ ಹರಿದಿತ್ತು.

ಮೆರೆಡಿತ್ ಹಿಂದೆ ತಿರುಗಿ ನೋಡಿದಳು. “ಆರ್ಡಿಸ್, ನೀವು ಮಾತಾಡ್ಬೇಕು ಅಂತಿದ್ರಾ?”

ಎಲ್ಲರೂ ಆರ್ಡಿಸ್‌ಳತ್ತ ನೋಡಿದರು. ಅಷ್ಟು ಕಣ್ಣು ಒಟ್ಟಿಗೆ. ಜೇಬಿನೊಳಗೆ ಕೈ ಹಾಳೆಯನ್ನು ಮುದುಡಿತು.

“ಇಲ್ಲಪ್ಪ. ನೀನೇ ಮಾತಾಡು.”

ಮೆರೆಡಿತ್ ಬೆಂಚಿನ ಮೇಲೆ ಹತ್ತಿದಳು. ಚೆನ್ನಾಗಿ ಮಾತಾಡಿದಳು, ಇದನ್ನು ಆರ್ಡಿಸ್ ಆಮೇಲೂ ಒಪ್ಪಿಕೊಂಡಳು. ಸೆನೆಟರ್ ತನ್ನ ಜಗಲಿಯ ಮೆಟ್ಟಿಲ ಮೇಲೆ ಹೇಗೆ ಕೂತರು, ತನ್ನ ತಾಯಿಯ ಕಾಯಿಲೆಯ ಬಗ್ಗೆ ಹೇಗೆ ಕೇಳಿದರು, ಎಷ್ಟು ಹೊತ್ತು ಕೈ ಹಿಡಿದುಕೊಂಡಿದ್ದರು. ಬೇರೆ ಪಾಳಯದವರೂ ತಲೆದೂಗಿದರು. ಕೊನೆಯಲ್ಲಿ ಮೆರೆಡಿತ್ ನಕ್ಕಳು. “ಟೀವಿಲಿ ಕೇಳಿದ್ರಲ್ಲ ಆ ರೋಲ್, ಅದನ್ನ ನಾನೊಬ್ಬಳೇ ಮಾಡಿದ್ದಲ್ಲ. ಎಲ್ಲಿ, ಆರ್ಡಿಸ್ ಎಲ್ಲಿ? ಹಾಂ, ಆರ್ಡಿಸ್ ನಂಗೆ ತುಂಬಾ ಸಹಾಯ ಮಾಡಿದ್ರು!”

ಚಪ್ಪಾಳೆ ಬಿತ್ತು.

ಸಹಾಯ. ಆರ್ಡಿಸ್‌ಗೆ ಕಿವಿಯೊಳಗೆ ಬಿಸಿ ಎಣ್ಣೆ ಹೊಯ್ದ ಹಾಗಾಯಿತು. ಮುಂಜಾನೆ ಎದ್ದು ಹಿಟ್ಟು ನಾದಿದ್ದು ಸಹಾಯ. ಹನ್ನೊಂದು ತಿಂಗಳು ನಾಯಿಗಳ ಹೆಸರು ಬಾಯಿಪಾಠ ಮಾಡಿದ್ದೂ ಸಹಾಯವೇ ಇರಬೇಕು. ಆ ಸಾಸಿವೆ ಬಣ್ಣದ ಕೋಟು ದೀಪದ ಕೆಳಗೆ ಹೊಳೆಯುತ್ತಿತ್ತು. ಮೆರೆಡಿತ್ ಬೆಂಚಿನಿಂದ ಇಳಿಯಲು ಓರಿನ್ ಕೈ ಕೊಟ್ಟ. ಅವನು ತನ್ನ ಹೆಂಡತಿಗೂ ಎಂದೂ ಹಾಗೆ ಕೈ ಕೊಟ್ಟವನಲ್ಲ.

ಆರ್ಡಿಸ್ ಖಾಲಿಯಾಗದ ತಟ್ಟೆಯೊಂದನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು.

ಅಡುಗೆಮನೆಗೂ ಊಟದ ಮನೆಗೂ ನಡುವೆ ಬಡಿಸುವ ಕಿಂಡಿ. ಅದಕ್ಕೆ ತಗಡಿನ ಷಟರ್. ಅವತ್ತು ಅದನ್ನು ಒಂದು ಗೇಣಷ್ಟು ಬಿಟ್ಟು ಇಳಿಸಿದ್ದರು. ಆರ್ಡಿಸ್ ದೀಪ ಹಾಕಲಿಲ್ಲ. ತಟ್ಟೆಯನ್ನು ಕಲ್ಲಿನ ಮೇಲಿಟ್ಟು, ಎರಡೂ ಕೈ ಅದರ ಪಕ್ಕ ಊರಿ ನಿಂತಳು. ಒಂದು ನಿಮಿಷ ಉಸಿರಾಡಿ ಹೊರಗೆ ಹೋಗುವುದು ಎಂದುಕೊಂಡಿದ್ದಳು. ನಿಜವಾಗಿಯೂ ಹಾಗೇ ಎಂದುಕೊಂಡಿದ್ದಳು.

“ಬಾಗಿಲು ಹಾಕ್ರಪ್ಪಾ! ಎಣಿಕೆ ಶುರು!” ಎಂದ ಡ್ವೇನ್.

ಮೊದಲು ಲಾಟಿಮರ್ ಪಾಳಯ. ಒಂದು, ಎರಡು, ಮೂರು, ಒಬ್ಬೊಬ್ಬರದೂ ಒಂದೊಂದು ದನಿ. ನಲವತ್ತೇಳಕ್ಕೆ ನಿಂತಿತು. ಮೇಯರ್ ಪಾಳಯ ಇಪ್ಪತ್ತಾರು. ಇನ್ನು ಹೆಸ್ಟನ್.

ಈಗ ಹೋಗಬೇಕು ಎಂದುಕೊಂಡಳು. ಬಾಗಿಲಿಗೆ ಏಳು ಹೆಜ್ಜೆ. ಆದರೆ ಕಾಲು ಕೀಳಲಿಲ್ಲ. ಮೆರೆಡಿತ್ ಕರೆಯಲಿ. ಒಂದೇ ಒಂದು ಸಲ, ‘ಆರ್ಡಿಸ್ ಎಲ್ಲಿ’ ಎಂದು ಅವಳ ಬಾಯಿಂದ ಬರಲಿ. ಸಹಾಯಕ್ಕೆ ಅಲ್ಲ. ನಾನಿಲ್ಲದಿದ್ದರೆ ಆಗುವುದಿಲ್ಲ ಎಂದು ಕರೆಯಲಿ.

“ಒಂದು,” ಎಂದ ಓರಿನ್. “ಎರಡು,” “ಮೂರು,” ಟಾಡ್, ಕೆಲ್ಸಿ. ದನಿಗಳು ಒಂದರ ಹಿಂದೊಂದು ಬಂದವು. ಹತ್ತು. ಹನ್ನೊಂದು. “ಹನ್ನೆರಡು!” ಇದು ಮೆರೆಡಿತ್, ಗಂಟೆ ಹೊಡೆದ ಹಾಗೆ.

ಆಮೇಲೆ ಏನೂ ಇಲ್ಲ.

“ಹನ್ನೆರಡು. ಅಷ್ಟೇನಾ?” ಎಂದ ಡ್ವೇನ್.

“ಹದಿಮೂರು ಇರ್ಬೇಕಲ್ಲ!” ಎಂದಳು ಮೆರೆಡಿತ್. “ಯಾರಪ್ಪಾ ಕಮ್ಮಿ? ಯಾರು ಹೇಳ್ಲಿಲ್ಲ?”

“ನಾನು ಹೇಳ್ದೆ.” “ನಾನೂ ಹೇಳ್ದೆ.” “ಟಾಡ್ ಇದಾನೆ, ಕೆಲ್ಸಿ ಇದಾಳೆ...” “ಓರಿನ್, ನೀನು ಎಲ್ಲೋ ಎರಡ್ಸಲ ಹೇಳ್ದ್ಯಾ?” “ನಾನ್ಯಾಕೆ ಎರಡ್ಸಲ ಹೇಳ್ಲಿ, ನಂಗೇನು ಎರಡು ತಲೆನಾ?”

ಆರ್ಡಿಸ್ ಕಿಂಡಿಯ ಬಿರುಕಿನಲ್ಲಿ ನೋಡಿದಳು. ಹನ್ನೆರಡು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹುಡುಕುತ್ತಿದ್ದರು. ಯಾರಿಲ್ಲ ಎಂದು ಅವರಿಗೆ ಹೊಳೆಯುತ್ತಿರಲಿಲ್ಲ. ಭಿತ್ತಿಚಿತ್ರ ಅಂಟಿಸಿದವಳು, ರೋಲ್ ಇಟ್ಟವಳು, ಒಬ್ಬೊಬ್ಬರನ್ನೂ ಮನೆಯಿಂದ ಎಬ್ಬಿಸಿ ತಂದವಳು ಇಲ್ಲ ಎಂದು ಅವರಲ್ಲಿ ಯಾರಿಗೂ, ಒಬ್ಬರಿಗೂ, ಹೊಳೆಯುತ್ತಿರಲಿಲ್ಲ.

“ಒಟ್ಟು ಎಂಬತ್ತೈದು ಬಂತು,” ಎಂದ ಡ್ವೇನ್. “ಒಂದು ತಲೆ ಎಲ್ಲೋ ಹೋಗಿದೆ. ಮೂರು ಸಲ ಕೇಳ್ತೀನಿ. ಹೆಸ್ಟನ್ ಹನ್ನೆರಡು, ಒಂದನೇ ಸಲ.”

ಊಟದ ಮನೆಯ ಆ ತುದಿಯಿಂದ ವರ್ನೆಲ್ ಕಿಂಡಿಯತ್ತ ನೋಡಿದಳು. ಬಿರುಕಿನಲ್ಲಿ ಆರ್ಡಿಸ್‌ಳ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ವರ್ನೆಲ್‌ಳ ಹುಬ್ಬು ಮೇಲೆ ಹೋಯಿತು.

“ಎರಡನೇ ಸಲ.”

ಕರಿ. ಒಂದು ಸಲ ಕರಿ.

“ಮೂರು. ಹೆಸ್ಟನ್ ಮೂಲೆ ಉಳೀಲಿಲ್ಲ. ಮರುಜೋಡಣೆಗೆ ಹದಿನೈದು ನಿಮಿಷ ಟೈಮಿದೆ. ಬೇರೆ ಕಡೆಯಿಂದ ಯಾರನ್ನಾದ್ರೂ ಎಳ್ಕೊಂಡು ಬನ್ನಿ, ಇಲ್ಲಾಂದ್ರೆ ಬೇರೆ ಮೂಲೆಗೆ ಹೋಗಿ.”

ಆಗ ಆರ್ಡಿಸ್‌ಳ ಕಾಲಿಗೆ ಜೀವ ಬಂತು. ಹೊರಗೆ ಬಂದಾಗ ಎಲ್ಲವೂ ಕದಡಿತ್ತು. ಮೆರೆಡಿತ್ ಅವಳನ್ನು ಕಂಡು ಬಾಯಿ ತೆರೆದಳು.

“ಆರ್ಡಿಸ್! ಎಲ್ಲಿ ಹೋಗಿದ್ರಿ? ನೀವೇನಾ... ನೀವೇ ಹದಿಮೂರು!”

“ಕಾಫಿ,” ಎಂದಳು ಆರ್ಡಿಸ್. “ಕಾಫಿ ಉಕ್ತಾ ಇತ್ತು.”

“ಪರವಾಗಿಲ್ಲ, ಪರವಾಗಿಲ್ಲ! ಇನ್ನೊಂದು ಎಣಿಕೆ ಇದೆಯಲ್ಲ. ನೀವು ಬಂದ್ರಿ, ಹದಿಮೂರಾಯ್ತು!” ಮೆರೆಡಿತ್ ಅವಳನ್ನು ತಬ್ಬಿಕೊಂಡಳು. ಕೋಟು ಮೆತ್ತಗಿತ್ತು, ಅದರಿಂದ ಏನೋ ಒಳ್ಳೆಯ ಪರಿಮಳ ಬರುತ್ತಿತ್ತು. ಆ ಮೆತ್ತನೆಯ ಭುಜದ ಮೇಲಿನಿಂದ ಆರ್ಡಿಸ್ ತನ್ನ ಮೂಲೆಯನ್ನು ಎಣಿಸಿದಳು. ಲೆಕ್ಕ ತಪ್ಪಿತು.

“ಟಾಡ್ ಎಲ್ಲಿ? ಕೆಲ್ಸಿ?”

“ಹೋದ್ರಲ್ಲ,” ಎಂದ ಓರಿನ್. “ಇನ್ನೇನು ಉಳೀತು ಅಂದ್ರು. ಮಗು ನೋಡ್ಕೊಳ್ಳೋಳು ಎಂಟಕ್ಕೆ ಹೊರಡ್ತಾಳಂತೆ, ರಸ್ತೆ ಬೇರೆ ಜಾರ್ತಿದೆ.”

ಆರ್ಡಿಸ್ ಓಡಿದಳು. ಕೋಟಿಲ್ಲದೆ, ಏಪ್ರನ್ನಿನಲ್ಲೇ, ಪಕ್ಕದ ಬಾಗಿಲು ತಳ್ಳಿಕೊಂಡು ಕಾರು ನಿಲ್ಲಿಸುವ ಬಯಲಿಗೆ. ಚಳಿ ಕೆನ್ನೆಗೆ ಬಾರಿಸಿತು. ಧಾನ್ಯದ ಗೋಪುರದ ಬಳಿ ಎರಡು ಕೆಂಪು ದೀಪ ತಿರುವು ತೆಗೆದುಕೊಳ್ಳುತ್ತಿತ್ತು. “ಟಾಡ್!” ಎಂದು ಕೂಗಿದಳು. ಜೀವಮಾನದಲ್ಲಿ ಅಷ್ಟು ಜೋರಾಗಿ ಕೂಗಿದವಳಲ್ಲ. ಬೀದಿಯಲ್ಲಿದ್ದುದು ಹಿಮ ಮಾತ್ರ.

ಈಗ ಅವಳೂ ಸೇರಿ ಹನ್ನೊಂದು. ಇನ್ನೆರಡು ತಲೆ ಬೇಕು. ಒಳಗೆ ಬಂದು ನೇರವಾಗಿ ಗಡಿಯಾರದ ಕೆಳಗೆ ಹೋದಳು.

“ವರ್ನೆಲ್, ಎರಡು ಜನ ಕೊಡೇ. ನಲವತ್ತೇಳಿದ್ದೀರಿ. ನಲವತ್ತೈದಾದ್ರೂ ಜಿಲ್ಲಾ ಸಮಾವೇಶಕ್ಕೆ ನಿಮಗೆ ಸಿಗೋ ಪ್ರತಿನಿಧಿಗಳು ಅಷ್ಟೇ, ಒಬ್ಬರೂ ಕಮ್ಮಿಯಾಗಲ್ಲ. ಲೆಕ್ಕ ಹಾಕಿ ನೋಡು.”

“ಲೆಕ್ಕ ನಂಗೂ ಬರತ್ತೆ.” ವರ್ನೆಲ್ ಕನ್ನಡಕ ತೆಗೆದು ಒರೆಸಿದಳು. ಅವಳು ಯೋಚಿಸುವುದೇ ಹಾಗೆ. “ಕೊಡಬಹುದು. ಮೇಯರ್ ಕಡೆಯವರಿಗೆ ಸಿಗೋಕಿಂತ ನಿಂಗೆ ಸಿಗ್ಲಿ. ಮೊದಲು ಒಂದು ಹೇಳು. ಎಣಿಸೋವಾಗ ಎಲ್ಲಿದ್ದೆ?”

“ಹೇಳಿದ್ನಲ್ಲ. ಕಾಫಿ ಉಕ್ತಾ ಇತ್ತು. ಹಂಡೆ ಆರಿಸೋಕೆ ಹೋದೆ.”

ವರ್ನೆಲ್ ಕನ್ನಡಕ ಹಾಕಿಕೊಂಡು ಪಕ್ಕಕ್ಕೆ ಸರಿದಳು. ಅವಳ ಬೆನ್ನ ಹಿಂದೆ, ಗಡಿಯಾರದ ಕೆಳಗಿನ ಮೇಜಿನ ಮೇಲೆ, ದೊಡ್ಡ ಕಾಫಿ ಹಂಡೆ ಕೂತಿತ್ತು. ಕೆಂಪು ದೀಪ ಉರಿಯುತ್ತಿತ್ತು. ಯಾರೋ ಲೋಟ ಹಿಡಿದು ನಲ್ಲಿ ತಿರುವುತ್ತಿದ್ದರು.

“ಆರು ಗಂಟೆಯಿಂದ ಇಲ್ಲೇ ಇದೆ,” ಎಂದಳು ವರ್ನೆಲ್. “ನೀನೇ ತಂದಿಟ್ಟೆ.”

ಆರ್ಡಿಸ್ ಏಪ್ರನ್ನಿಗೆ ಕೈ ಒರೆಸಿಕೊಂಡಳು.

“ಕಿಂಡೀಲಿ ನಿನ್ನ ಕಣ್ಣು ನೋಡ್ದೆ ಕಣೇ. ಕೈಗೆ ಕೆಲಸ ಇರ್ಲಿಲ್ಲ ನಿಂಗೆ. ಸುಮ್ಮನೆ ನಿಂತಿದ್ದೆ.” ವರ್ನೆಲ್ ದನಿ ತಗ್ಗಿಸಿದಳು. “ನಿನ್ನ ಹೆಸ್ಟನ್ ಸೋಲ್ಲಿ ಅಂತ ನಾನು ವರ್ಷದಿಂದ ಪ್ರಾರ್ಥನೆ ಮಾಡಿದೀನಿ. ಆದ್ರೆ ಹೀಗಲ್ಲ. ನಾನು ನಮ್ಮವರನ್ನ ಕರೆದು ಏನಂತ ಹೇಳ್ಲಿ? ತನ್ನ ಮೂಲೇನ ತಾನೇ ಮುರಿದೋಳಿಗೆ ಎರಡು ಜನ ಹೋಗಿ ಅಂತಾನಾ?”

“ಅವಳು ಒಂದ್ಸಲ ಕರೀಬೋದಿತ್ತು, ವರ್ನೆಲ್.”

ಇದು ಬಾಯಿಂದ ಬಿದ್ದ ಮೇಲೆ ಅದೆಷ್ಟು ಚಿಕ್ಕದು ಎಂದು ಆರ್ಡಿಸ್‌ಗೇ ಕೇಳಿಸಿತು. ವರ್ನೆಲ್ ಬೆನ್ನು ತಿರುಗಿಸಿ ತನ್ನ ಪಾಳಯದವರ ಕಡೆ ಹೋದಳು.

“ಐದು ನಿಮಿಷ!” ಎಂದು ಡ್ವೇನ್ ಕೂಗಿದ.

ಆರ್ಡಿಸ್ ಮೇಯರ್ ಪಾಳಯಕ್ಕೆ ಹೋದಳು. ಅಲ್ಲಿ ಅವಳ ಪುಸ್ತಕದ ನಾಲ್ಕು ಮನೆಗಳಿದ್ದವು. ನಾಯಿಗಳ ಕ್ಷೇಮ ಕೇಳಿದಳು. ಅವರು ನಾಯಿಗಳ ಕ್ಷೇಮ ಹೇಳಿದರು. ಬರಲಿಲ್ಲ.

ತನ್ನ ಮೂಲೆಗೆ ಮರಳಿದಾಗ ಮೆರೆಡಿತ್ ಬೆಂಚಿನ ಮೇಲೆ ಕೂತು ಅಳುತ್ತಿದ್ದಳು. “ನನ್ನಿಂದ್ಲೇ ಆಯ್ತು,” ಎನ್ನುತ್ತಿದ್ದಳು. “ನಾನು ಮಾತಾಡ್ಲೇಬಾರದಿತ್ತು. ನೀವು ಮಾತಾಡಿದ್ರೆ ಜನ ಬರ್ತಿದ್ರೇನೋ, ಆರ್ಡಿಸ್. ನಿಮ್ಮನ್ನ ಎಲ್ರೂ ಬಲ್ಲರು.” ಕೆನ್ನೆಯ ಮೇಲೆ ಕಣ್ಣೀರು ಮುಚ್ಚುಮರೆಯಿಲ್ಲದೆ ಇಳಿಯುತ್ತಿತ್ತು. ವಾರಪತ್ರಿಕೆಯವನು ಕ್ಯಾಮೆರಾ ಎತ್ತಿದ.

ಹೇಳಬೇಕು ಎಂದುಕೊಂಡಳು ಆರ್ಡಿಸ್. ನಿನ್ನಿಂದ ಅಲ್ಲ, ನನ್ನಿಂದ. ನಾನು ಅಲ್ಲೇ ನಿಂತು ಕೇಳುತ್ತಿದ್ದೆ. ನಾಲಗೆಯ ತುದಿಗೆ ಬಂತು. ಆದರೆ ಕ್ಯಾಮೆರಾ ಮಿಂಚಿದ ಆ ಕ್ಷಣದಲ್ಲಿ, ತನ್ನ ಹೆಸ್ಟನ್ ಹಾರ್ಲೆಟ್‌ನಲ್ಲಿ ಮುಗಿದುಹೋಗುತ್ತಿದ್ದ ಆ ಕ್ಷಣದಲ್ಲೂ, ಅವಳ ಒಳಗೆ ಎದ್ದದ್ದು ಪಶ್ಚಾತ್ತಾಪವಲ್ಲ. ಹೊಟ್ಟೆಯಲ್ಲಿ ಹಳೆಯ ಕೆಂಡವೇ ಮಗ್ಗುಲು ಬದಲಿಸಿತು. ಅಳುವುದಕ್ಕೂ ಇವಳೇ ಬೇಕಾಯಿತು. ಆ ಕಣ್ಣೀರು ಎಷ್ಟು ಶುಭ್ರ, ಎಷ್ಟು ನಿಶ್ಚಿಂತೆ! ತಾನು ಹನ್ನೊಂದು ತಿಂಗಳು ದುಡಿದ ಅಭ್ಯರ್ಥಿಗಾಗಿ ತನಗೆ ಅಳುವ ಹಕ್ಕು ಕೂಡ ಉಳಿದಿಲ್ಲ. ಅದನ್ನೂ ಅವಳು ಎತ್ತಿಕೊಂಡು ಹೋದಳು. ಇಲ್ಲ, ಅದನ್ನು ತಾನೇ ಕೊಟ್ಟದ್ದು.

“ನೀನು ಚೆನ್ನಾಗೇ ಮಾತಾಡಿದೆ,” ಎಂದಳು. ಬಾಯಿಂದ ಹೊರಟದ್ದು ಅಷ್ಟೇ.

ಆಮೇಲಿನದೆಲ್ಲ ಬೇಗ ಬೇಗ ಆಯಿತು. ವರ್ನೆಲ್ ಬಂದು ಮೆರೆಡಿತ್‌ಳ ಹೆಗಲ ಮೇಲೆ ಕೈ ಹಾಕಿದಳು. ಆ ಕೈ ಆರ್ಡಿಸ್‌ಳ ಮದುವೆಯಲ್ಲಿ, ತಾಯಿಯ ಮಣ್ಣಿನಲ್ಲಿ ಅವಳ ಹೆಗಲ ಮೇಲಿದ್ದ ಕೈ. “ಬಾಮ್ಮ, ಅಳ್ಬೇಡ. ನಮ್ಮ ಲಾಟಿಮರ್ ಕೂಡ ಕೆಟ್ಟೋರೇನಲ್ಲ. ನೀವೆಲ್ಲ ಬಂದ್ರೆ ನಮಗೆ ಇನ್ನೊಂದು ಪ್ರತಿನಿಧಿ ಸ್ಥಾನ ಸಿಗತ್ತೆ. ಬಂದೋರಿಗೇ ಆ ಸ್ಥಾನ ಕೊಡೋದು ನಮ್ಮಲ್ಲಿ ರೂಢಿ.” ಮೆರೆಡಿತ್ ಮೂಗು ಒರೆಸಿಕೊಂಡು, ಹೆಸ್ಟನ್ ಭಿತ್ತಿಚಿತ್ರವನ್ನು ಒಮ್ಮೆ ನೋಡಿ, ಎದ್ದಳು. ಅವಳ ಹಿಂದೆ ಓರಿನ್ ಎದ್ದ. ಅವನ ಹಿಂದೆ ಇನ್ನೂ ಆರು ಜನ. ಉಳಿದಿಬ್ಬರು ಮೇಯರ್ ಪಾಳಯಕ್ಕೆ ನಡೆದರು.

“ನೀವೂ ಬನ್ನಿ, ಆರ್ಡಿಸ್,” ಎಂದಳು ಮೆರೆಡಿತ್, ತಿರುಗಿ.

ಕರೆದಳು. ಕೊನೆಗೂ ಹೆಸರು ಹಿಡಿದು ಕರೆದಳು. ಆರ್ಡಿಸ್ ಬರುವುದಿಲ್ಲವೆಂದು ತಲೆಯಾಡಿಸಿದಳು.

ಗಡಿಯಾರದ ಕೆಳಗೆ ಹತ್ತು ನಿಮಿಷದೊಳಗೆ ಕೈಗಳು ಎದ್ದವು. ಜಿಲ್ಲಾ ಸಮಾವೇಶಕ್ಕೆ ಪ್ರತಿನಿಧಿಯಾಗಿ ಮೆರೆಡಿತ್ ಪೇನ್ ಆಯ್ಕೆಯಾದಳು. ಓರಿನ್ ಸಿಳ್ಳೆ ಹೊಡೆದ. ಬೆಕ್ಕನ್ನು ಎಲ್ಲಿಂದ ಎಸೆದರೂ ಕಾಲ ಮೇಲೆಯೇ ಬೀಳುತ್ತದೆ. ಮೆರೆಡಿತ್ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು, ಮತ್ತೆ ಜನರೆಲ್ಲ ಅವಳತ್ತ ತಿರುಗಿ ನಿಂತಿದ್ದರು.

ಡ್ವೇನ್ ಉಳಿದೆರಡು ಪಾಳಯಗಳ ಕೊನೆಯ ಎಣಿಕೆ ಮುಗಿಸಿ, ಕಾಗದದ ಹಲಗೆ ಕಂಕುಳಲ್ಲಿಟ್ಟುಕೊಂಡು ಹಾಲಿನ ಪೆಟ್ಟಿಗೆಯ ಬಳಿ ಬಂದ. ತಟ್ಟೆಯಿಂದ ಒಂದು ರೋಲ್ ತೆಗೆದುಕೊಂಡ.

“ಆರ್ಡಿಸ್, ಒಬ್ಬಳೇ ನಿಂತ್ರೆ ಇದು ಯಾವ ಲೆಕ್ಕಕ್ಕೂ ಬರಲ್ಲ ತಾಯಿ. ಯಾವ್ದಾದ್ರೂ ಒಂದು ಕಡೆ ಹೋಗ್ಬಾರ್ದಾ?”

“ಲೆಕ್ಕಕ್ಕೆ ಬರಲ್ಲ ಅಂತ ನಂಗೂ ಗೊತ್ತು. ಆದ್ರೆ ನಿಂತೋರನ್ನ ನೀನು ಎಣಿಸ್ಬೇಕು ಡ್ವೇನ್. ಅದು ನಿಯಮ.”

“ನಿಯಮ ನಿಯಮವೇ,” ಎಂದ ಅವನು, ಬಾಯಿ ತುಂಬ ರೋಲ್ ಇಟ್ಟುಕೊಂಡು. ನುಂಗಿದ ಮೇಲೆ ಬಸ್ಸಿನ ದನಿಯಲ್ಲಿ ಕೂಗಿದ. “ಹೆಸ್ಟನ್ ಪಾಳಯ! ಎಣಿಕೆ!”

ಊಟದ ಮನೆಯ ಸದ್ದು ಅಡಗಿತು. ಎಂಬತ್ತಮೂರು ಜನ ತಿರುಗಿ ನೋಡಿದರು. ಅಷ್ಟು ಕಣ್ಣು ಒಟ್ಟಿಗೆ. ಆರ್ಡಿಸ್ ಬಲಗೈ ಎತ್ತಿದಳು. ತೋಳಿಗೆ ಅಂಟಿದ್ದ ಒಣ ಹಿಟ್ಟು ಕಾಣಿಸಿತು. ಜೇಬಿನಲ್ಲಿದ್ದ ಹಾಳೆಯ ಒಂದು ಪದವೂ ನೆನಪಿರಲಿಲ್ಲ.

“ಒಂದು,” ಎಂದಳು.

ಗಡಿಯಾರದ ಕೆಳಗೆ ಮೆರೆಡಿತ್ ಅವಳನ್ನೇ ನೋಡುತ್ತಿದ್ದಳು. ಸಂಖ್ಯೆ ಹೇಳಿದ ಮೇಲೆ ಕೈ ಇಳಿಸಬೇಕೆಂದು ಎಲ್ಲರಿಗೂ ಪಾಠ ಹೇಳಿದವಳು ಆರ್ಡಿಸ್. ಡ್ವೇನ್ ಬರೆದುಕೊಂಡು ಹೊರಟುಹೋದ ಮೇಲೂ ಅವಳು ಕೈ ಇಳಿಸಲಿಲ್ಲ.